ದಂಡಿನ ಬಂಗಲೆಯಿಂದ ನೊಬೆಲ್ ಪೀಠಕ್ಕೆ: ಸರ್ ರೊನಾಲ್ಡ್ ರಾಸ್

ಬೆಂಗಳೂರು: ತೀವ್ರ ಜ್ವರ, ಸಹಿಸಲಾಗದ ತಲೆನೋವು, ಬಿಗಿದ ಕುತ್ತಿಗೆ, ಮಂಕು ಕವಿದ ಪ್ರಜ್ಞೆ. ಇಂಥ ಲಕ್ಷಣಗಳೊಡನೆ ರೋಗಿಯೊಬ್ಬನು ಆಸ್ಪತ್ರೆಗೆ ಬಂದರೆ ವೈದ್ಯರ ಮನಸ್ಸಿನಲ್ಲಿ ಮೊದಲು ಸುಳಿಯುವ ಶಂಕೆ ಮೆನಿಂಜೈಟಿಸ್, ಅಂದರೆ ಮಿದುಳ ಪೊರೆಯ ಉರಿಯೂತ. ಬೆನ್ನುಮೂಳೆಯ ನಡುವೆ ಸೂಜಿ ಚುಚ್ಚಿ ಮಿದುಳು-ಬೆನ್ನುಹುರಿಯ ದ್ರವವನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ನೀರಿನಂತೆ ತಿಳಿಯಾಗಿರಬೇಕಾದ ದ್ರವ ಕದಡಿದ್ದರೆ, ಅದರಲ್ಲಿ ಬಿಳಿ ರಕ್ತಕಣಗಳು ತುಂಬಿದ್ದರೆ, ಸಕ್ಕರೆ ಇಳಿದು ಪ್ರೋಟೀನ್ ಏರಿದ್ದರೆ, ಗ್ರಾಂ ಬಣ್ಣ ಹಾಕಿದಾಗ ಬ್ಯಾಕ್ಟೀರಿಯಾ ಕಂಡರೆ ಶಂಕೆ ದೃಢಪಡುತ್ತದೆ. ಆದರೆ ನಮ್ಮ ದೇಶದಲ್ಲಿ ಆ ದ್ರವದ ಜೊತೆಗೆ ಇನ್ನೊಂದು ಮಾದರಿಯೂ ಪ್ರಯೋಗಾಲಯಕ್ಕೆ ಹೋಗಬೇಕು. ಅದು ಬೆರಳ ತುದಿಯ ರಕ್ತ. ಮಿದುಳಿಗೆ ಏರಿದ ಮಲೇರಿಯಾ ಮೆನಿಂಜೈಟಿಸ್‌ನ ವೇಷವನ್ನೇ ತೊಟ್ಟು ಬರುವುದುಂಟು. ಆಗ ಬೆನ್ನಿನ ದ್ರವ ಬಹುಮಟ್ಟಿಗೆ ಸಹಜವಾಗಿಯೇ ಕಾಣುತ್ತದೆ. ನಿಜ ತಿಳಿಯುವುದು ಗಾಜಿನ ಪಟ್ಟಿಯ ಮೇಲೆ ದಪ್ಪಗೆ ಹಚ್ಚಿದ ರಕ್ತದ ಹನಿಯಿಂದ. ಒಂದು ರೋಗದ ಔಷಧಿ ಇನ್ನೊಂದಕ್ಕೆ ಆಗದು; ತಡವಾದರೆ ಎರಡೂ ಪ್ರಾಣ ತೆಗೆಯಬಲ್ಲವು.

ಆ ದಪ್ಪ ಹನಿಯ ಪರೀಕ್ಷೆಯನ್ನು 1903ರಲ್ಲಿ ಜಗತ್ತಿಗೆ ನೀಡಿದವರು ಸರ್ ರೊನಾಲ್ಡ್ ರಾಸ್. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ಸಾಧಿಸಿ 1902ರಲ್ಲಿ ನೊಬೆಲ್ ಪುರಸ್ಕಾರ ಪಡೆದವರು ಎಂಬುದು ಎಲ್ಲರೂ ಬಲ್ಲ ಸಂಗತಿ. ಹೈದರಾಬಾದ್ ಮತ್ತು ಕಲ್ಕತ್ತಾ ನಗರಗಳು ಅವರನ್ನು ತಮ್ಮವರೆಂದು ಹೇಳಿಕೊಳ್ಳುತ್ತವೆ. ಆದರೆ ಸೊಳ್ಳೆಯ ಕಡೆಗೆ ಅವರ ಕಣ್ಣು ಮೊದಲು ಹೊರಳಿದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ಅವರ ಸಂಶೋಧನೆ ಒಂದೂವರೆ ವರ್ಷ ಕುಂಟಿದ್ದೂ ಇಲ್ಲಿಯೇ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗಿನ್ನೂ ಮೂರು ದಿನವಾಗಿತ್ತು. ತಂದೆ ಕ್ಯಾಂಬೆಲ್ ರಾಸ್ ಸೇನೆಯ ಅಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯ. ಎಂಟನೆಯ ವಯಸ್ಸಿನಲ್ಲಿ ಹುಡುಗನನ್ನು ಇಂಗ್ಲೆಂಡಿಗೆ, ಬಂಧುಗಳ ಮನೆಗೆ ಕಳುಹಿಸಲಾಯಿತು. ಅವನಿಗೆ ಒಲವಿದ್ದುದು ಕವಿತೆ, ಚಿತ್ರಕಲೆ, ಸಂಗೀತ, ಗಣಿತಗಳಲ್ಲಿ. ತಂದೆಯ ಹಟ ಬೇರೆಯೇ ಆಗಿತ್ತು: ಮಗ ಭಾರತೀಯ ವೈದ್ಯಕೀಯ ಸೇವೆಗೆ ಸೇರಬೇಕು. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ವಿದ್ಯಾರ್ಥಿಯಾಗಿ ರಾಸ್ ಓದಿಗಿಂತ ಹೆಚ್ಚು ಹೊತ್ತನ್ನು ಪದ್ಯ ಹೊಸೆಯುವುದರಲ್ಲಿ ಕಳೆದರು. ಒಂದು ಪರೀಕ್ಷೆಯಲ್ಲಿ ನಪಾಸಾದರು. ತಂದೆಯ ಹಣಕ್ಕೆ ಕೈಯೊಡ್ಡಲು ಮನಸ್ಸಿಲ್ಲದೆ ಅಟ್ಲಾಂಟಿಕ್ ದಾಟುವ ಹಡಗಿನಲ್ಲಿ ವೈದ್ಯರಾಗಿ ದುಡಿದು, ಮತ್ತೆ ಪರೀಕ್ಷೆಗೆ ಕುಳಿತು, 1881ರಲ್ಲಿ ಸೇವೆಗೆ ಸೇರಿ ಮದ್ರಾಸಿಗೆ ಬಂದಿಳಿದರು.

ಬಾನಿಯೊಳಗಿನ ಸುಳಿವು

1883ರಲ್ಲಿ ರಾಸ್ ಬೆಂಗಳೂರಿನ ಸೇನಾ ಠಾಣ್ಯದ ಹಂಗಾಮಿ ವೈದ್ಯರಾಗಿ ನೇಮಕಗೊಂಡರು. ಮೈಸೂರಿನ ಒಡೆಯರಿಗೆ ರಾಜ್ಯ ಮರಳಿ ಎರಡು ವರ್ಷವಾಗಿತ್ತು. ದಂಡು ಪ್ರದೇಶ ಮಾತ್ರ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿದಿತ್ತು. ಇಂದಿನ ಶಿವಾಜಿನಗರ, ಹಲಸೂರು, ಮಹಾತ್ಮ ಗಾಂಧಿ ರಸ್ತೆಯ ಸುತ್ತಮುತ್ತ ಆ ಆಡಳಿತ ನಡೆಯುತ್ತಿತ್ತು. ಈಗ ಇಂದಿರಾನಗರವೆಂದು ಕರೆಯುವ ಬಡಾವಣೆ ಆಗ ಬಿನ್ನಮಂಗಲ, ದೊಮ್ಮಲೂರು, ಕೋಡಿಹಳ್ಳಿಗಳ ಹೊಲ-ತೋಟ. ಮದ್ರಾಸಿನ ಧಗೆಯಿಂದ ಬಂದ ಇಪ್ಪತ್ತಾರರ ತರುಣನಿಗೆ ಇಲ್ಲಿನ ತಂಪು ಹಿತವೆನಿಸಿತು. ಹಿತವಾಗದೆ ಇದ್ದದ್ದು ಒಂದೇ: ಬಂಗಲೆಯಲ್ಲಿ ಮುತ್ತುತ್ತಿದ್ದ ಸೊಳ್ಳೆಗಳು.

ಬೇರೆ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿಯೇ ಸೊಳ್ಳೆ ಏಕೆ ಹೆಚ್ಚು ಎಂಬ ಪ್ರಶ್ನೆ ರಾಸ್ ಅವರಿಗೆ ಬಂತು. ಹುಡುಕಿದಾಗ ಕಿಟಕಿಯ ಹೊರಗೆ ನೀರು ತುಂಬಿದ್ದ ಬಾನಿಯೊಂದು ಕಣ್ಣಿಗೆ ಬಿತ್ತು. ಅದರೊಳಗೆ ಪುಟ್ಟ ಹುಳುಗಳು ಹೊರಳಾಡುತ್ತಿದ್ದವು. ಬಾನಿಯನ್ನು ಮಗುಚಿ ಹಾಕಿದರು; ಕೋಣೆಯಲ್ಲಿ ಸೊಳ್ಳೆಗಳ ಕಾಟ ಇಳಿಯಿತು. ಉಬ್ಬಿಹೋದ ರಾಸ್ ಸೇನಾ ಅಧಿಕಾರಿಯೊಬ್ಬರ ಬಳಿಗೆ ಹೋಗಿ, ತೋಟದ ತೊಟ್ಟಿ, ಹೂಕುಂಡ, ಊಟದ ಮನೆಯ ಹೂದಾನಿಗಳಲ್ಲಿಯೂ ಇದೇ ಹುಳುಗಳಿವೆ, ಎಲ್ಲವನ್ನೂ ಬರಿದು ಮಾಡಿಸೋಣ ಎಂದು ಸೂಚಿಸಿದರು. ಆ ಅಧಿಕಾರಿಗೆ ಇದು ತಮಾಷೆಯಾಗಿ ಕಂಡಿತು. ದೇವರು ಸೊಳ್ಳೆಯನ್ನು ಸೃಷ್ಟಿಸಿರುವುದು ಯಾವುದೋ ಉದ್ದೇಶಕ್ಕೆ, ಅದನ್ನು ಸಹಿಸಿಕೊಳ್ಳುವುದೇ ಮನುಷ್ಯನ ಕರ್ತವ್ಯ ಎಂಬ ಅರ್ಥದ ಉತ್ತರ ಕೊಟ್ಟು ಅವರನ್ನು ಸಾಗಹಾಕಿದರು.

ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆ ಎಂಬ ಕಲ್ಪನೆ ಆಗ ರಾಸ್ ಅವರಿಗೂ ಇರಲಿಲ್ಲ. ನಿಂತ ನೀರನ್ನು ತೆಗೆದರೆ ಸೊಳ್ಳೆ ಹೋಗುತ್ತದೆ ಎಂಬುದಷ್ಟೇ ಅಂದಿನ ತಿಳಿವಳಿಕೆ. ಮುಂದೆ ಜಗತ್ತಿನ ಮೂಲೆಮೂಲೆಯಲ್ಲಿ ಅವರು ಸಾರಿದ ನಿಯಂತ್ರಣ ಕ್ರಮದ ತಿರುಳೂ ಇದೇ. ಪಾಲಿಕೆಯ ಸಿಬ್ಬಂದಿ ಮನೆಮನೆಗೆ ಬಂದು ಹೂಕುಂಡದ ತಟ್ಟೆ, ಹಳೆಯ ಟೈರುಗಳಲ್ಲಿ ನಿಂತ ನೀರು ಚೆಲ್ಲಿಸುವಾಗ ಆ ಬಾನಿಯ ಕಥೆಯನ್ನು ನೆನೆಯಬಹುದು.

ಮುಂದಿನ ವರ್ಷಗಳು ಬರ್ಮಾ, ಅಂಡಮಾನ್ ಎಂದು ವರ್ಗಾವಣೆಗಳಲ್ಲಿ ಕಳೆದುಹೋದವು. 1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದವರು ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದು, ಬ್ಯಾಕ್ಟೀರಿಯಾ ಶಾಸ್ತ್ರವನ್ನೂ ಕಲಿತರು. 1889ರಲ್ಲಿ ರೋಸಾ ಬ್ಲಾಕ್ಸಮ್ ಅವರನ್ನು ವಿವಾಹವಾದರು. ಅದೇ ವರ್ಷ ಅವರ ಮೊದಲ ಕಾದಂಬರಿ ಪ್ರಕಟವಾಯಿತು.

ಆ ಹತ್ತು ವರ್ಷಗಳಲ್ಲಿ ವೈದ್ಯಕೀಯ ಪ್ರಯೋಗಾಲಯದ ಚಹರೆಯೇ ಬದಲಾಗಿತ್ತು. ಡೆನ್ಮಾರ್ಕಿನ ಗ್ರಾಂ 1884ರಲ್ಲಿ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕುವ ವಿಧಾನವನ್ನು ಪ್ರಕಟಿಸಿದರು. ವಿಯೆನ್ನಾದ ವೈಕ್ಸೆಲ್ಬೌಮ್ 1887ರಲ್ಲಿ ಮೆನಿಂಜೈಟಿಸ್ ತರುವ ಜೋಡಿಗೋಳದ ಬ್ಯಾಕ್ಟೀರಿಯಾವನ್ನು ರೋಗಿಗಳ ಬೆನ್ನಿನ ದ್ರವದಲ್ಲಿ ಗುರುತಿಸಿದರು. ಜರ್ಮನಿಯ ಕ್ವಿಂಕೆ 1891ರಲ್ಲಿ ಬದುಕಿರುವ ರೋಗಿಯ ಸೊಂಟದ ಬಳಿ ಸೂಜಿ ಚುಚ್ಚಿ ಆ ದ್ರವ ತೆಗೆಯುವುದನ್ನು ತೋರಿಸಿದರು. ಎಲ್ಲಕ್ಕೂ ಮೊದಲೇ, 1880ರ ನವೆಂಬರಿನಲ್ಲಿ, ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಅಲ್ಜೀರಿಯಾದಲ್ಲಿ ಮಲೇರಿಯಾ ರೋಗಿಯ ರಕ್ತದೊಳಗೆ ಪರೋಪಜೀವಿಯನ್ನು ಕಂಡಿದ್ದರು. ಜ್ವರವನ್ನು ನಾಡಿ ಹಿಡಿದು ಊಹಿಸುವ ಕಾಲ ಕಳೆದು, ಗಾಜಿನಡಿ ನೋಡಿ ಹೇಳುವ ಕಾಲ ಬರುತ್ತಿತ್ತು.

ವಿಚಿತ್ರವೆಂದರೆ, ಲಾವೆರಾನ್ ಕಂಡದ್ದನ್ನು ರಾಸ್ ನಂಬಲಿಲ್ಲ. ತಮ್ಮ ಸೂಕ್ಷ್ಮದರ್ಶಕದಲ್ಲಿ ಎಷ್ಟು ಇಣುಕಿದರೂ ಅವರಿಗೆ ಪರೋಪಜೀವಿ ಕಾಣಲಿಲ್ಲ. ಕಾಣದಿದ್ದುದು ಇಲ್ಲವೇ ಇಲ್ಲ ಎಂದು ತೀರ್ಮಾನಿಸಿ, ಮಲೇರಿಯಾದ ಮೂಲ ಕರುಳಿನ ವಿಷದಲ್ಲಿದೆ ಎಂದು ವೈದ್ಯಕೀಯ ಪತ್ರಿಕೆಗಳಲ್ಲಿ ವಾದಿಸಿದರು. ಮುಂದೆ ರಕ್ತಪರೀಕ್ಷೆಯ ವಿಧಾನವೊಂದನ್ನು ಕೊಡಲಿದ್ದ ವ್ಯಕ್ತಿಗೆ ಆಗ ರಕ್ತಪರೀಕ್ಷೆಯೇ ಸರಿಯಾಗಿ ಬರುತ್ತಿರಲಿಲ್ಲ.

ಆ ಭ್ರಮೆ ಕಳೆದದ್ದು 1894ರ ಏಪ್ರಿಲ್‌ನಲ್ಲಿ, ಲಂಡನ್ನಿನಲ್ಲಿ. ಚೀನಾದಲ್ಲಿ ಕೆಲಸ ಮಾಡಿ ಬಂದಿದ್ದ ಪ್ಯಾಟ್ರಿಕ್ ಮ್ಯಾನ್ಸನ್, ಮಲೇರಿಯಾ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕುಡುಗೋಲಿನಾಕಾರದ ಪರೋಪಜೀವಿಗಳನ್ನು ರಾಸ್ ಅವರಿಗೆ ತೋರಿಸಿದರು. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಮ್ಯಾನ್ಸನ್ ಹಿಂದೆಯೇ ಕಂಡುಹಿಡಿದಿದ್ದರು. ಮಲೇರಿಯಾದ ಪರೋಪಜೀವಿಯೂ ಸೊಳ್ಳೆಯೊಳಗೆ ಬೆಳೆಯುತ್ತಿರಬೇಕು, ಸೊಳ್ಳೆ ಸತ್ತು ಬಿದ್ದ ನೀರು ಕುಡಿದವರಿಗೆ ಜ್ವರ ಬರುತ್ತಿರಬೇಕು ಎಂಬುದು ಅವರ ಊಹೆ. ಮೊದಲರ್ಧ ನಿಜ, ಎರಡನೆಯರ್ಧ ತಪ್ಪು. ಆ ತಪ್ಪಿಗೆ ಶಿಷ್ಯ ತೆತ್ತ ಬೆಲೆ ಬೆಂಗಳೂರಿನ ಅಧ್ಯಾಯದಲ್ಲಿ ಕಾಣುತ್ತದೆ.

ಕಾಲರಾ ಕರೆ

1895ರ ಏಪ್ರಿಲ್‌ನಲ್ಲಿ ಸಿಕಂದರಾಬಾದಿಗೆ ಬಂದ ರಾಸ್, ಮಲೇರಿಯಾ ರೋಗಿಗಳ ಮೇಲೆ ಸೊಳ್ಳೆ ಬಿಟ್ಟು, ರಕ್ತ ಹೀರಿದ ಸೊಳ್ಳೆಗಳನ್ನು ಸೀಳಿ ನೋಡುವ ಕೆಲಸ ಆರಂಭಿಸಿದರು. ಕೆಲಸ ಕುದುರುತ್ತಿದ್ದ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ, ಸರ್ಕಾರದ ಆದೇಶ ಬಂತು. ಬೆಂಗಳೂರಿನಲ್ಲಿ ಕಾಲರಾ ಹಬ್ಬಿದೆ, ಕೂಡಲೇ ಹೊರಡಬೇಕು.

ದಂಡಿನ ಬಜಾರುಗಳ ಸ್ಥಿತಿ ಅಂದು ಚೆನ್ನಾಗಿರಲಿಲ್ಲ. ಹೆಸರಘಟ್ಟದಿಂದ ನಲ್ಲಿ ನೀರು ತರುವ ಕಾಮಗಾರಿ ಇನ್ನೂ ಮುಗಿದಿರಲಿಲ್ಲ. ಜನ ಬಾವಿಗಳನ್ನೂ ಕೆರೆಗಳನ್ನೂ ನಂಬಿದ್ದರು. ಬಾವಿಯ ಪಕ್ಕದಲ್ಲಿಯೇ ಕೊಳಚೆ, ಕೊಳಚೆಯ ಪಕ್ಕದಲ್ಲಿಯೇ ವಠಾರ. ಕಾಲರಾ ನೀರಿನಿಂದ ಹರಡುವ ರೋಗ ಎಂಬುದರಲ್ಲಿ ರಾಸ್ ಅವರಿಗೆ ಸಂಶಯವಿರಲಿಲ್ಲ. ಓಣಿ ಓಣಿ ಸುತ್ತಿದರು, ಬಾವಿಗಳನ್ನು ಪರಿಶೀಲಿಸಿದರು, ಚರಂಡಿಗಳನ್ನು ನೋಡಿದರು. ದಂಡು ಪ್ರದೇಶದ ಕಾಲರಾ, ನೈರ್ಮಲ್ಯ ಮತ್ತು ನೈರ್ಮಲ್ಯ ಇಲಾಖೆಯ ನಿಯಮಗಳನ್ನು ಕುರಿತು ಅವರು ಸಿದ್ಧಪಡಿಸಿದ ವರದಿ 1896ರಲ್ಲಿ ಬೆಂಗಳೂರಿನಲ್ಲಿಯೇ ಅಚ್ಚಾಯಿತು. ನೊಬೆಲ್ ವಿಜೇತರ ಕೃತಿಗಳಲ್ಲಿ ಇಷ್ಟು ಚರಂಡಿ ವಾಸನೆಯ ಪುಸ್ತಕ ಇನ್ನೊಂದಿರಲಾರದು. ನಗರಚರಿತ್ರೆ ಬರೆಯುವವರ ಗಮನ ಅದರ ಕಡೆಗೆ ಸಾಲದಾಗಿದೆ.

ಸಾಂಕ್ರಾಮಿಕ ರೋಗಿಗಳನ್ನು ಊರ ಹೊರಗೆ ಪ್ರತ್ಯೇಕವಾಗಿ ಇರಿಸಬೇಕೆಂಬ ಆ ಕಾಲದ ನೀತಿಯ ನೆನಪನ್ನು ಬೆಂಗಳೂರಿನ ಪೂರ್ವಭಾಗದ ಹಳಬರು ಇನ್ನೂ ಉಳಿಸಿಕೊಂಡಿದ್ದಾರೆ. ಇಂದಿರಾನಗರದ ಹಳೇ ಮದ್ರಾಸ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಜನರ ಬಾಯಲ್ಲಿ ಐಸೋಲೇಷನ್ ಆಸ್ಪತ್ರೆಯೆಂದೇ ಹೆಸರಾಯಿತು. ಕಾಲರಾ, ವಾಂತಿಭೇದಿ ಪೀಡಿತರನ್ನು ದಶಕಗಳ ಕಾಲ ಕರೆದೊಯ್ಯುತ್ತಿದ್ದುದು ಅಲ್ಲಿಗೆ.

ಕಾಲರಾ ಕೆಲಸದಲ್ಲಿ ಮುಳುಗಿದ್ದರೂ ರಾಸ್ ಅವರ ಮನಸ್ಸು ಸೊಳ್ಳೆಯ ಹಿಂದೆಯೇ ಇತ್ತು. ಆದರೆ ಎತ್ತರದ ಬೆಂಗಳೂರಿನಲ್ಲಿ ಮಲೇರಿಯಾ ರೋಗಿಗಳು ವಿರಳ. ಸಂಶೋಧನೆಗೆ ರೋಗವೇ ಸಿಗದು. ಲಂಡನ್ನಿನಲ್ಲಿದ್ದ ಮ್ಯಾನ್ಸನ್‌ಗೆ ಬರೆದ ಕಾಗದಗಳಲ್ಲಿ ಅವರ ಹತಾಶೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಸಿಕ್ಕ ಅಲ್ಪಸ್ವಲ್ಪ ರೋಗಿಗಳನ್ನು ಹಿಡಿದುಕೊಂಡೇ ಪ್ರಯೋಗ ಮುಂದುವರಿಸಿದರು. ಸೋಂಕಿದ ಸೊಳ್ಳೆ ಸತ್ತ ನೀರನ್ನು ಆರೋಗ್ಯವಂತರಿಗೆ ಕುಡಿಸಿದ ಪ್ರಯೋಗಗಳಿಂದ ಖಚಿತ ಫಲ ಸಿಗಲಿಲ್ಲ. ಗುರುವಿನ ನೀರಿನ ವಾದ ಸಡಿಲವಾಗತೊಡಗಿದಂತೆ, ಸೊಳ್ಳೆಯ ಕಡಿತದಿಂದಲೇ ರೋಗ ಬರುತ್ತಿರಬಹುದೇ ಎಂಬ ಆಲೋಚನೆ ಬಲಗೊಂಡಿತು.

ಈ ಪರೀಕ್ಷೆಗೆ ತನ್ನ ಮೈಯನ್ನೊಡ್ಡಿದವರು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು. ರಾಸ್ ಅವರ ಬರಹದಲ್ಲಿ ಈ ಹೆಸರು ಅಪ್ಪಿಯಾ ಎಂದು ಬರುತ್ತದೆ. ಅಪ್ಪಯ್ಯ ಎಂಬ ಹೆಸರು ಇಂಗ್ಲಿಷಿನ ಕಾಗುಣಿತದಲ್ಲಿ ಹೀಗಾಗಿರಲಿಕ್ಕೂ ಸಾಕು. ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಗಳಿಂದ ಅವರು ಕಚ್ಚಿಸಿಕೊಂಡರು. ರೋಗ ಅಂಟಿದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದಿತ್ತು. ಅದನ್ನು ಬಲ್ಲ ವೈದ್ಯರೇ ಮುಂದೆ ಬಂದದ್ದು ಸಣ್ಣ ಮಾತಲ್ಲ. ಜ್ವರ ಬರಲಿಲ್ಲ. ಕಾರಣ ಈಗ ಸ್ಪಷ್ಟ: ಆ ತನಕ ರಾಸ್ ಬಳಸುತ್ತಿದ್ದುದು ಮನೆಯ ಸುತ್ತ ಸುಲಭವಾಗಿ ಸಿಗುವ ಬೂದು ಬಣ್ಣದ ಮತ್ತು ಪಟ್ಟೆಯ ಸೊಳ್ಳೆಗಳು, ಅಂದರೆ ಕ್ಯೂಲೆಕ್ಸ್ ಮತ್ತು ಈಡಿಸ್ ಜಾತಿಯವು. ಮನುಷ್ಯರ ಮಲೇರಿಯಾವನ್ನು ಅವು ಹೊರಲಾರವು. ಹೊರುವುದು ಅನಾಫಿಲಿಸ್ ಮಾತ್ರ. ಆ ಜಾತಿಯ ಹೆಸರೂ ರಾಸ್ ಅವರಿಗೆ ಗೊತ್ತಿರಲಿಲ್ಲ. ನೊಬೆಲ್ ಪುರಸ್ಕಾರದ ಉಪನ್ಯಾಸದಲ್ಲಿ ಬೆಂಗಳೂರಿನ ಈ ಸ್ವಯಂಸೇವಕನ ಹೆಸರನ್ನು ರಾಸ್ ಮರೆಯದೆ ಸ್ಮರಿಸಿದರು.

1897ರ ಬೇಸಿಗೆಯಲ್ಲಿ ರಜೆ ಪಡೆದು ರಾಸ್ ಊಟಿಯ ಕಡೆಗೆ ಹೋದರು. ಮಲೇರಿಯಾದ ತವರಾದ ಸೀಗೂರು ಘಟ್ಟಕ್ಕೆ ಇಳಿದು, ಕ್ವಿನೈನ್ ನುಂಗುತ್ತಿದ್ದರೂ ಮೂರೇ ದಿನಗಳಲ್ಲಿ ತಾವೇ ಜ್ವರ ಹಿಡಿಸಿಕೊಂಡರು. ಅಲ್ಲಿಯೇ ಗೋಡೆಯ ಮೇಲೆ ಬಾಲವನ್ನು ಮೇಲೆತ್ತಿ ಕುಳಿತಿದ್ದ, ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಸೊಳ್ಳೆಯೊಂದು ಅವರ ಗಮನ ಸೆಳೆಯಿತು. ಅದೇನೆಂದು ಆಗ ಹೊಳೆಯಲಿಲ್ಲ.

ಸಿಕಂದರಾಬಾದಿನ ಆಗಸ್ಟ್

ಜೂನ್‌ನಲ್ಲಿ ರಾಸ್ ಸಿಕಂದರಾಬಾದಿಗೆ ಮರಳಿದರು. ಬೇಗಂಪೇಟೆಯ ಆಸ್ಪತ್ರೆಯ ಕೋಣೆಯಲ್ಲಿ ಸೆಕೆಯೆಂದರೆ ಸೆಕೆ. ಪಂಖಾ ಬೀಸುವಂತಿಲ್ಲ, ಸೀಳಿಟ್ಟ ಸೊಳ್ಳೆಗಳು ಹಾರಿಹೋಗುತ್ತವೆ. ಹಣೆಯಿಂದ, ಕೈಯಿಂದ ಸುರಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ಕಣ್ಣುಮಸೂರವೂ ಸೀಳು ಬಿಟ್ಟಿತ್ತು. ಕಣ್ಣಿನ ಸುತ್ತ ನೊಣಗಳು ಬೇರೆ.

ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಯೊಂದಕ್ಕೆ ಒಂದು ಆಣೆಯ ದರದಲ್ಲಿ ಕಚ್ಚಿಸಿಕೊಳ್ಳಲು ಒಪ್ಪಿದ. ಆಗಸ್ಟ್ 16ರಂದು ಚುಕ್ಕೆರೆಕ್ಕೆಯ ಕಂದು ಸೊಳ್ಳೆಗಳು ಅವನ ರಕ್ತ ಹೀರಿದವು. ಒಂದೊಂದೇ ಸೊಳ್ಳೆಯನ್ನು ದಿನ ಬಿಟ್ಟು ದಿನ ಸೀಳುತ್ತ ಬಂದ ರಾಸ್, ಆಗಸ್ಟ್ 20ರಂದು ಉಳಿದಿದ್ದ ಎರಡರಲ್ಲಿ ಒಂದನ್ನು ಗಾಜಿನಡಿ ಇಟ್ಟರು. ಜಠರದ ಗೋಡೆಯಲ್ಲಿ ದುಂಡಗಿನ ಕೋಶಗಳು, ಅವುಗಳೊಳಗೆ ಕಪ್ಪು ಕಣಗಳು. ಆ ಕಣಗಳು ಮಲೇರಿಯಾ ಪರೋಪಜೀವಿಯ ಗುರುತು. ಸೊಳ್ಳೆಯ ಸ್ವಂತ ಕೋಶಗಳಲ್ಲಿ ಅವು ಇರುವುದಿಲ್ಲ. ಮರುದಿನ ಕೊನೆಯ ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನಷ್ಟು ದೊಡ್ಡದಾಗಿದ್ದವು. ಅಂದರೆ ಅವು ಬೆಳೆಯುತ್ತಿವೆ. ಆಗಸ್ಟ್ 20ನ್ನು ಈಗ ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತದೆ.

ಸರ್ಕಾರ ಮಾತ್ರ ತನ್ನ ಚಾಳಿ ಬಿಡಲಿಲ್ಲ. ಮುಂದಿನ ತಿಂಗಳೇ ಅವರನ್ನು ಮಲೇರಿಯಾ ಕಡಿಮೆಯಿದ್ದ ರಾಜಪುತಾನದ ಖೇರವಾಡಕ್ಕೆ ಎತ್ತಂಗಡಿ ಮಾಡಿತು. ಮ್ಯಾನ್ಸನ್ ಲಂಡನ್ನಿನಲ್ಲಿ ಒತ್ತಡ ತಂದ ಮೇಲೆ 1898ರ ಫೆಬ್ರುವರಿಯಲ್ಲಿ ಕಲ್ಕತ್ತೆಯ ಪ್ರಯೋಗಾಲಯ ದೊರಕಿತು. ಅಲ್ಲಿ ಮನುಷ್ಯ ರೋಗಿಗಳು ಸಾಲದೆ ಗುಬ್ಬಚ್ಚಿಗಳ ಮಲೇರಿಯಾವನ್ನು ಆರಿಸಿಕೊಂಡರು. ಮಹಮ್ಮದ್ ಬಕ್ಷ್ ಎಂಬ ಸಹಾಯಕ ಹಗಲಿರುಳು ಸೊಳ್ಳೆ, ಹಕ್ಕಿ ಹಿಡಿದು ತಂದುಕೊಟ್ಟ. ಜುಲೈ ಮೊದಲ ವಾರದಲ್ಲಿ ಪರೋಪಜೀವಿ ಸೊಳ್ಳೆಯ ಜೊಲ್ಲುಗ್ರಂಥಿಯನ್ನು ತಲುಪುವುದು ಕಂಡಿತು. ಕಚ್ಚುವಾಗ ಜೊಲ್ಲಿನೊಡನೆ ರೋಗ ಮೈಗಿಳಿಯುತ್ತದೆ ಎಂಬುದು ಸಿದ್ಧವಾಯಿತು. ಕುಡಿಯುವ ನೀರಿನ ವಾದ ಅಲ್ಲಿಗೆ ಮುಗಿಯಿತು.

ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಅನಾಫಿಲಿಸ್ ಸೊಳ್ಳೆಯಿಂದ ಮನುಷ್ಯರಿಗೆ ರೋಗ ಹರಡುವುದನ್ನು ತೋರಿಸಿದರು. ಯಾರು ಮೊದಲು ಎಂಬ ಜಗಳ ಶುರುವಾಯಿತು. ನೊಬೆಲ್ ಪುರಸ್ಕಾರ ರಾಸ್ ಒಬ್ಬರಿಗೇ ಸಂದ ಮೇಲೂ ಜಗಳ ನಿಲ್ಲಲಿಲ್ಲ. ಗ್ರಾಸ್ಸಿಯ ಪಾಲನ್ನು ಉದಾರವಾಗಿ ಒಪ್ಪಿಕೊಂಡಿದ್ದರೆ ರಾಸ್ ಅವರ ಕೀರ್ತಿಗೆ ಕುಂದೇನೂ ಬರುತ್ತಿರಲಿಲ್ಲ. ಆದರೆ ಅದು ಅವರ ಸ್ವಭಾವದಲ್ಲಿರಲಿಲ್ಲ. ಕೈಹಿಡಿದು ನಡೆಸಿದ ಮ್ಯಾನ್ಸನ್ ಅವರ ಮೇಲೂ ಒಂದು ಹಂತದಲ್ಲಿ ಕಾನೂನು ಕ್ರಮಕ್ಕೆ ಮುಂದಾದರು.

1899ರಲ್ಲಿ ಭಾರತ ಬಿಟ್ಟ ರಾಸ್ ಲಿವರ್‌ಪೂಲಿನ ಉಷ್ಣವಲಯದ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು. ದಪ್ಪ ಹನಿಯ ವಿಧಾನ ಹುಟ್ಟಿದ್ದು ಅಲ್ಲಿನ ವರ್ಷಗಳಲ್ಲಿ. ತೆಳುವಾಗಿ ಎಳೆದ ರಕ್ತದಲ್ಲಿ ಕಣಗಳು ಒಂದು ಪದರವಾಗಿ ಹರಡುವುದರಿಂದ ಪರೋಪಜೀವಿ ಕಡಿಮೆಯಿದ್ದರೆ ಹುಡುಕಲು ಬಹಳ ಹೊತ್ತು ಹಿಡಿಯುತ್ತದೆ. ರಾಸ್ ಒಂದು ದೊಡ್ಡ ಹನಿಯನ್ನೇ ಸಣ್ಣ ಜಾಗದಲ್ಲಿ ಒಣಗಿಸಿ, ನೀರಿನಿಂದ ಅದರ ಕೆಂಪನ್ನು ಕರಗಿಸಿ, ಬಳಿಕ ಬಣ್ಣ ಹಾಕಿದರು. ಕೆಂಪು ಕಣಗಳ ಅಡ್ಡಿ ಹೋಗಿ ಪರೋಪಜೀವಿಗಳು ಮಾತ್ರ ಬಿಳಿಕಣಗಳ ನಡುವೆ ಎದ್ದು ಕಾಣುತ್ತವೆ. ತೆಳು ಲೇಪನದಲ್ಲಿ ಗಂಟೆ ಹಿಡಿಯುವ ಹುಡುಕಾಟ ದಪ್ಪ ಹನಿಯಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ. ರೋಗ ಇದೆಯೇ ಎಂದು ದಪ್ಪ ಹನಿ ಹೇಳಿದರೆ, ಯಾವ ಜಾತಿಯದು ಎಂದು ತೆಳು ಲೇಪನ ಹೇಳುತ್ತದೆ. ಎರಡನ್ನೂ ಒಂದೇ ಗಾಜಿನ ಮೇಲೆ ಹಚ್ಚುವ ಪದ್ಧತಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೂ ಬಂದಿದೆ. ಕೆಲವೇ ನಿಮಿಷಗಳಲ್ಲಿ ಫಲಿತಾಂಶ ನೀಡುವ ಕಿಟ್‌ಗಳು ಬಂದ ಮೇಲೂ ಸೂಕ್ಷ್ಮದರ್ಶಕದ ಪರೀಕ್ಷೆಗಿರುವ ಮಾನ್ಯತೆ ಕುಗ್ಗಿಲ್ಲ.

ಸಿಯೆರಾ ಲಿಯೋನ್, ಮಾರಿಷಸ್ ಮುಂತಾದೆಡೆ ಸೊಳ್ಳೆ ನಿಯಂತ್ರಣಕ್ಕಾಗಿ ರಾಸ್ ಓಡಾಡಿದರು. ಬಾಲ್ಯದ ಗಣಿತದ ಒಲವೂ ಕೆಲಸಕ್ಕೆ ಬಂತು. ಒಂದೂ ಬಿಡದಂತೆ ಸೊಳ್ಳೆಗಳನ್ನು ಕೊಲ್ಲಬೇಕಾಗಿಲ್ಲ, ಸಂಖ್ಯೆಯನ್ನು ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ರೋಗ ತಾನಾಗಿ ನಶಿಸುತ್ತದೆ ಎಂದು ಸಮೀಕರಣಗಳಿಂದ ತೋರಿಸಿದರು. ಸಾಂಕ್ರಾಮಿಕ ರೋಗಗಳ ಏರಿಳಿತವನ್ನು ಲೆಕ್ಕ ಹಾಕುವ ಇಂದಿನ ಶಾಸ್ತ್ರದ ಬೇರು ಅಲ್ಲಿದೆ. ಅವರ ಬದುಕಿನ ನಿಜವಾದ ದೊಡ್ಡ ಕೊಡುಗೆ ಇದೇ ಎನ್ನುವವರೂ ಇದ್ದಾರೆ.

1911ರಲ್ಲಿ ಸರ್ ಪದವಿ ಬಂತು. 1914ರ ಆಗಸ್ಟ್‌ನಲ್ಲಿ, ಮಹಾಯುದ್ಧದ ಮೊದಲ ವಾರಗಳಲ್ಲಿಯೇ, ಹಿರಿಯ ಮಗ ಫ್ರಾನ್ಸಿನ ರಣರಂಗದಲ್ಲಿ ಹತನಾದ. ಹಣದ ವಿಷಯದಲ್ಲಿ ಸದಾ ಕೊರಗುತ್ತಿದ್ದ ರಾಸ್, ಸಿಡುಬಿನ ಲಸಿಕೆ ನೀಡಿದ ಜೆನ್ನರ್‌ಗೆ ಸಂಸತ್ತು ಕೊಟ್ಟಂತೆ ತಮಗೂ ಬಹುಮಾನ ಕೊಡಬೇಕೆಂದು ಸರ್ಕಾರಕ್ಕೆ ಬೇಡಿಕೆ ಸಲ್ಲಿಸಿ ನಿರಾಶರಾದರು. 1923ರಲ್ಲಿ ಹೊರತಂದ ಆತ್ಮಕಥೆ ಬಹುಮಾನ ಗಳಿಸಿತು. ಬೆಂಗಳೂರಿನ ಬಾನಿಯ ಪ್ರಸಂಗ ನಮಗೆ ತಿಳಿದಿರುವುದು ಆ ಪುಸ್ತಕದಿಂದ.

1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಸ್ಥೆ ತೆರೆಯಿತು. 1927ರ ಜನವರಿಯಲ್ಲಿ ಕಲ್ಕತ್ತೆಗೆ ಬಂದ ರಾಸ್, ತಾವು ದುಡಿದಿದ್ದ ಆಸ್ಪತ್ರೆಯ ಗೋಡೆಯಲ್ಲಿ ಕಟ್ಟಿದ್ದ ಸ್ಮಾರಕ ದ್ವಾರವನ್ನು ತಾವೇ ಅನಾವರಣಗೊಳಿಸಿದರು. ಅದೇ ವರ್ಷ ಪಾರ್ಶ್ವವಾಯು ಬಡಿಯಿತು. 1928ರಲ್ಲಿ ತಮ್ಮ ಕಾಗದಪತ್ರಗಳನ್ನು ಮಾರಾಟಕ್ಕಿಟ್ಟರು. 1931ರಲ್ಲಿ ಪತ್ನಿ ರೋಸಾ ತೀರಿಕೊಂಡರು. 1932ರ ಸೆಪ್ಟೆಂಬರ್ 16ರಂದು ತಮ್ಮ ಹೆಸರಿನ ಸಂಸ್ಥೆಯಲ್ಲಿಯೇ ರಾಸ್ ಕೊನೆಯುಸಿರೆಳೆದರು. ಪಟ್ನಿ ವೇಲ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಮ್ಯಾನ್ಸನ್ ಅವರೊಡನೆ ನಡೆಸಿದ ನೂರಕ್ಕೂ ಹೆಚ್ಚು ಪತ್ರಗಳ ವ್ಯವಹಾರ ಉಳಿದುಬಂದಿದೆ. ಮಲೇರಿಯಾವಿಲ್ಲದ ಊರಿನಲ್ಲಿ ಸಿಕ್ಕಿಕೊಂಡಿದ್ದೇನೆಂದು ದಂಡಿನಿಂದ ಗುರುವಿಗೆ ಬರೆದುಕೊಂಡ ಗೋಳೂ ಅವುಗಳಲ್ಲಿದೆ.